ಕಂಪನಿ ಫಿಟ್ಟಿಂಗ್‌ನಲ್ಲೇ ಉಳಿದ ಹಳೆ ಬೈಕಿಗೆ ರೇಟ್ ಕಟ್ಟುವುದು ಹೇಗೆ?

ಹದಿನೈದು ಇಪ್ಪತ್ತು ವರ್ಷ ಓಡಿದ ಬೈಕಿನ ಬೆಲೆಯನ್ನು ಶೋರೂಂ ರೇಟಿನಿಂದ ವರ್ಷಕ್ಕಿಷ್ಟು ಅಂತ ಕಳೆಯುತ್ತ ಬಂದು ಹಿಡಿಯಲು ಆಗುವುದಿಲ್ಲ. ವಿಮೆಯವರ ಸವಕಳಿ ಪಟ್ಟಿಯೇ ಐದು ವರ್ಷಕ್ಕೆ ನಿಂತುಬಿಡುತ್ತದೆ. ಐದನೇ ವರ್ಷದ ಗಾಡಿಗೆ ಶೇ. 50 ಕಳೆಯುತ್ತಾರೆ, ಅದರಾಚೆಯದ್ದು ಗಿರಾಕಿ ಮತ್ತು ಕಂಪನಿ ಮಾತಾಡಿಕೊಂಡು ಒಪ್ಪುವ ಮೊತ್ತ. ಹಳೆ ಗಾಡಿಯ ಬೆಲೆ ನಿಲ್ಲುವುದು ಬೇರೆ ಮೂರು ಸಂಗತಿಗಳ ಮೇಲೆ: ಕಾಗದಪತ್ರ, ಇಂಜಿನ್, ಮತ್ತು ಅದನ್ನು ಕೊಳ್ಳುವವರು ಯಾರು ಎಂಬುದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದಲ್ಲಿ ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ. ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಕಿಕ್ ಹೊಡೆಯುತ್ತಾರೆ, ರೊಕ್ಕ ಕೊಟ್ಟ ಮೇಲೆ ಆರ್‌ಸಿ ತೆರೆದು ನೋಡುತ್ತಾರೆ.

ಇಲ್ಲಿ ಹೇಳುವುದು ಮಾಡಿಫೈ ಮಾಡಿಸದ, ಕಂಪನಿ ಫಿಟ್ಟಿಂಗ್‌ನಲ್ಲೇ ಉಳಿದ ಗಾಡಿಯ ಲೆಕ್ಕ. ಮಾರುವವರಿಗೂ ಕೊಳ್ಳುವವರಿಗೂ ಲೆಕ್ಕ ಒಂದೇ.

ಗಾಡಿ ಯಾವ ಸಾಲಿನದು?

ಹಳೆ ಬೈಕುಗಳಿಗೆ ಎರಡು ಪೇಟೆಗಳಿವೆ. ಒಂದು, ದಿನದ ಕೆಲಸದ ಪೇಟೆ. ಸ್ಪ್ಲೆಂಡರ್, ಪ್ಯಾಷನ್, ಸಿಡಿ 100, ಬಾಕ್ಸರ್, ಸಿಟಿ 100, ವಿಕ್ಟರ್ ಇವೆಲ್ಲ ಇಲ್ಲಿಯವು. ಇವನ್ನು ಕೊಳ್ಳುವ ರೈತನಿಗೆ ಅಥವಾ ಹಾಲು ಹಾಕುವವನಿಗೆ ಬೇಕಾದದ್ದು ಬೆಳಿಗ್ಗೆ ಒಂದೇ ಕಿಕ್ಕಿಗೆ ಚಾಲೂ ಆಗುವ ಗಾಡಿ. ಟ್ಯಾಂಕಿನ ಸ್ಟಿಕರ್ ಕಂಪನಿಯದೋ ಪೇಟೆಯದೋ ಅವನಿಗೆ ಬೇಡದ ಮಾತು. ಇಂಥ ಗಾಡಿಗೆ ಒರಿಜಿನಲ್ ಎಂಬ ಕಾರಣಕ್ಕೆ ಹೆಚ್ಚೆಂದರೆ ಸಾವಿರ, ಎರಡು ಸಾವಿರ ಕೂಡುತ್ತದೆ.

ಇನ್ನೊಂದು ಶೋಕಿಯ ಪೇಟೆ. 1985ರಿಂದ 1996ರವರೆಗೆ ಬಂದ ಯಮಹಾ ಆರ್‌ಎಕ್ಸ್ 100, ಆಮೇಲಿನ ಆರ್‌ಎಕ್ಸ್ 135, ಮೈಸೂರಿನ ಐಡಿಯಲ್ ಜಾವಾದವರ ಯೆಜ್ದಿ, ಬೀಡು ಕಬ್ಬಿಣದ ಇಂಜಿನ್ನಿನ ಬುಲೆಟ್, ರಾಜದೂತ್, ಮೊದಲ ಸಿಬಿಝಡ್ ಈ ಸಾಲಿನವು. ಇಲ್ಲಿ ಒರಿಜಿನಲ್ ಭಾಗಕ್ಕೇ ಬೆಲೆ. ಒಂದೇ ವರ್ಷದ, ಒಂದೇ ಥರ ಓಡುವ ಎರಡು ಆರ್‌ಎಕ್ಸ್ 100ಗಳಲ್ಲಿ ಒಂದರ ಬೆಲೆ ಇನ್ನೊಂದರ ದುಪ್ಪಟ್ಟಾಗಬಹುದು.

ನಿಮ್ಮ ಗಾಡಿ ಯಾವ ಪೇಟೆಯದು ಎಂದು ಮೊದಲೇ ತೀರ್ಮಾನಿಸಿ. ಸ್ಪ್ಲೆಂಡರ್‌ಗೆ ಶೋಕಿಯ ರೇಟ್ ಕೇಳಿದರೆ ಗಾಡಿ ಅಂಗಳದಲ್ಲೇ ನಿಲ್ಲುತ್ತದೆ. ಆರ್‌ಎಕ್ಸ್ 100ಗೆ ದಿನದ ಕೆಲಸದ ರೇಟ್ ಒಪ್ಪಿದರೆ ಮರುದಿನವೇ ಅದು ಬೇರೆಯವರ ಜಾಹೀರಾತಿನಲ್ಲಿ ಕಾಣಿಸುತ್ತದೆ. ಮೊದಲ ಮಾದರಿಯ ಪಲ್ಸರ್, ಕರಿಜ್ಮಾ ಇಂಥವು ಸದ್ಯಕ್ಕೆ ಎರಡರ ನಡುವೆ ಇವೆ. ಅವುಗಳಿಗೆ ದಿನದ ಕೆಲಸದ ರೇಟನ್ನೇ ತಳಪಾಯ ಮಾಡಿಕೊಂಡು, ಪೂರ್ತಿ ಒರಿಜಿನಲ್ ಇದ್ದರೆ ಸ್ವಲ್ಪ ಏರಿಸಿ.

ದಿನದ ಕೆಲಸದ ಗಾಡಿಗೆ ಮೇಲಿನ ಮಿತಿ ಹೊಸ ಗಾಡಿಯ ಬೆಲೆಯಿಂದ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಅದಕ್ಕಿಂತ ಹಿಂದಿನ ಸೆಕೆಂಡ್ ಹ್ಯಾಂಡ್ ರೇಟುಗಳನ್ನು ಈಗ ಹಿಡಿದುಕೊಂಡು ಕೂರಬೇಡಿ.

ಕಾಗದ: ಬೆಲೆ ಇಲ್ಲೇ ಅರ್ಧ ತೀರ್ಮಾನ

ಗಾಡಿ ಮುಟ್ಟುವ ಮೊದಲು ಆರ್‌ಸಿ ಕೈಗೆ ತೆಗೆದುಕೊಳ್ಳಿ. ಕೇಂದ್ರ ಸಾರಿಗೆ ಇಲಾಖೆಯ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿಯ ನಂಬರ್ ಹಾಕಿ, ಅಲ್ಲಿ ಕಾಣುವುದನ್ನು ಆರ್‌ಸಿಗೆ ಹೋಲಿಸಿ. ನೋಡಬೇಕಾದದ್ದು ಇಷ್ಟು: ಹೆಸರು, ನೋಂದಣಿಯ ದಿನಾಂಕ, ಯಾವತ್ತಿನವರೆಗೆ ಊರ್ಜಿತ, ಸಾಲದ ನಮೂದು ಇದೆಯೇ, ಬಾಕಿ ದಂಡ ಇದೆಯೇ.

ಮೊದಲ ನೋಂದಣಿಗೆ ಆಯುಷ್ಯ 15 ವರ್ಷ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ, ಫಾರ್ಂ 25 ಕೊಟ್ಟು ನವೀಕರಿಸಬೇಕು. ಬೈಕಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 300 ಇದ್ದದ್ದು 1,000 ರೂಪಾಯಿ ಆಗಿದೆ. ಇಪ್ಪತ್ತು ವರ್ಷ ದಾಟಿದ ಬೈಕಿಗೆ 2025ರ ಆಗಸ್ಟ್‌ನ ಕೇಂದ್ರದ ತಿದ್ದುಪಡಿಯಂತೆ 2,000. ಇವು ದೊಡ್ಡ ಮೊತ್ತವೇನಲ್ಲ, ಹೊರೆಯಾಗುವುದು ತಡವಾದದ್ದಕ್ಕೆ ಬೀಳುವ ಹೆಚ್ಚುವರಿ ಶುಲ್ಕ. ಕೇಂದ್ರದ ನಿಯಮದಂತೆ ಬೈಕಿಗೆ ತಡವಾದ ಪ್ರತಿ ತಿಂಗಳಿಗೆ 300 ರೂಪಾಯಿ. ಎರಡೂವರೆ ವರ್ಷ ಮೂಲೆಯಲ್ಲಿ ನಿಂತ ಗಾಡಿಗೆ 30 ತಿಂಗಳು, ಅಂದರೆ 9,000. ಇಪ್ಪತ್ತು ಸಾವಿರದ ಸ್ಪ್ಲೆಂಡರ್‌ಗೆ ಇದು ಸುಮಾರು ಅರ್ಧ ಬೆಲೆ. ಇದರ ಜೊತೆಗೆ ಹಸಿರು ತೆರಿಗೆ, ಎಮಿಷನ್ ಸರ್ಟಿಫಿಕೇಟ್, ವಿಮೆ ಬರುತ್ತವೆ. ಪರಿವಾಹನ್ ಪೋರ್ಟಲಿನಲ್ಲಿ ನವೀಕರಣದ ಅರ್ಜಿ ತೆರೆದರೆ ಕಟ್ಟಬೇಕಾದ ಮೊತ್ತ ಕಾಣಿಸುತ್ತದೆ. ಬಾಯಿಮಾತಿನ ಲೆಕ್ಕ ಬಿಟ್ಟು ಆ ಮೊತ್ತವನ್ನೇ ಬರೆದುಕೊಳ್ಳಿ.

‘ಮನ್ಯಾಗ ನಿಂತಿತ್ತರಿ, ಓಡ್ಸೇ ಇಲ್ಲ’ ಎಂಬ ಮಾತು ಗುಣವೆಂಬಂತೆ ಕೇಳಿಸುತ್ತದೆ. ಅಂಥ ಗಾಡಿಯ ಆರ್‌ಸಿಯ ಊರ್ಜಿತ ದಿನಾಂಕವನ್ನೇ ಮೊದಲು ನೋಡಿ.

ಹೆಸರಿನ ವಿಷಯ. ಆರ್‌ಸಿಯಲ್ಲಿರುವವರೇ ಎದುರಿಗಿದ್ದಾರೆಯೇ? ನಮ್ಮ ಕಡೆ ಸಹಿ ಮಾಡಿದ ಖಾಲಿ ವರ್ಗಾವಣೆ ಫಾರ್ಂ 29 ಮತ್ತು 30ರ ಜೊತೆ ಗಾಡಿ ಕೈಯಿಂದ ಕೈಗೆ ಹೋಗುವುದು ಬಹಳ. ಆರ್‌ಸಿ ಮುಧೋಳದವರ ಹೆಸರಿನಲ್ಲಿರುತ್ತದೆ, ಗಾಡಿ ಮೂರು ಕೈ ದಾಟಿ ಗೋಕಾಕಿಗೆ ಬಂದಿರುತ್ತದೆ, ಮೊದಲ ಮಾಲೀಕರ ಫೋನ್ ನಂಬರ್ ಯಾರ ಬಳಿಯೂ ಇರುವುದಿಲ್ಲ. ವರ್ಗಾವಣೆಗೆ ಮೊದಲ ಮಾಲೀಕರ ಒಪ್ಪಿಗೆ ಬೇಕಾದಾಗ ಎಲ್ಲ ಅಲ್ಲೇ ನಿಲ್ಲುತ್ತದೆ. ಆ ಮಾಲೀಕರು ಸಿಗುವವರೆಗೆ ಅದನ್ನು ಗುಜರಿ ಮತ್ತು ಬಿಡಿಭಾಗದ ಬೆಲೆಯ ಗಾಡಿ ಎಂದೇ ಹಿಡಿಯಿರಿ.

ಆರ್‌ಸಿಯಲ್ಲಿರುವವರು ತೀರಿಹೋಗಿದ್ದರೆ ದಾರಿ ಇದೆ. ವಾರಸುದಾರರು ಫಾರ್ಂ 31ರಲ್ಲಿ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಅದಕ್ಕೆ ನಿಯಮದಲ್ಲಿರುವ ಅವಧಿ ಮೂರು ತಿಂಗಳು. ಅಜ್ಜನ ಹೆಸರಿನ ಯೆಜ್ದಿಗೆ ನಾಲ್ಕು ಮಕ್ಕಳಿದ್ದರೆ ನಾಲ್ವರ ಒಪ್ಪಿಗೆಯೂ ಬೇಕಾದೀತು. ಮಾರುವವರು ಇದನ್ನು ಮುಗಿಸಿಕೊಂಡು ಗಿರಾಕಿಯನ್ನು ಕರೆದರೆ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಬೀಳುತ್ತದೆ.

ಸಾಲದ ನಮೂದು ಇನ್ನೊಂದು ತೊಡಕು. ಬ್ಯಾಂಕಿನಲ್ಲೋ ಊರಿನ ಪತ್ತಿನ ಸಹಕಾರಿ ಸೊಸೈಟಿಯಲ್ಲೋ ಸಾಲ ಮಾಡಿ ಕೊಂಡ ಗಾಡಿಯ ಕಂತು ಹತ್ತು ವರ್ಷದ ಹಿಂದೆಯೇ ತೀರಿರುತ್ತದೆ, ಆದರೆ ಆರ್‌ಸಿಯಲ್ಲಿ ಅವರ ಹೆಸರು ಹಾಗೇ ಉಳಿದಿರುತ್ತದೆ. ಅದನ್ನು ತೆಗೆಸಲು ಫಾರ್ಂ 35 ಮತ್ತು ಸಾಲ ಕೊಟ್ಟವರ ಎನ್‌ಒಸಿ, ಅಂದರೆ ತಕರಾರಿಲ್ಲ ಎಂಬ ಪತ್ರ ಬೇಕು. ಸಂಸ್ಥೆ ಚಾಲ್ತಿಯಲ್ಲಿದ್ದರೆ ಒಂದೆರಡು ಅಡ್ಡಾಟದ ಕೆಲಸ. ಬಾಗಿಲು ಹಾಕಿದ್ದರೆ ಎಷ್ಟು ದಿನ ಹಿಡಿಯುತ್ತದೋ ಹೇಳಲಾಗದು, ಅಂಥ ಗಾಡಿಗೆ ಮುಂಗಡ ಕೊಡಬೇಡಿ.

ನಿಪ್ಪಾಣಿ, ಚಿಕ್ಕೋಡಿ ಕಡೆ ಎಂಎಚ್-09, ಎಂಎಚ್-10 ಗಾಡಿಗಳೂ ವಿಜಯಪುರ, ಇಂಡಿ ಕಡೆ ಎಂಎಚ್-13 ಗಾಡಿಗಳೂ ಅಗ್ಗಕ್ಕೆ ಸಿಗುತ್ತವೆ. ಅಗ್ಗವಾಗಲು ಕಾರಣವಿದೆ. ಕೊಲ್ಹಾಪುರ, ಸಾಂಗ್ಲಿ ಅಥವಾ ಸೊಲ್ಲಾಪುರದ ಕಚೇರಿಯಿಂದ ಫಾರ್ಂ 28ರ ಎನ್‌ಒಸಿ ತರಬೇಕು, ಕರ್ನಾಟಕದ ಆಜೀವ ತೆರಿಗೆ ಗಾಡಿಯ ವಯಸ್ಸಿನ ಲೆಕ್ಕದಲ್ಲಿ ಕಟ್ಟಬೇಕು, ಹೊಸ ನಂಬರ್ ಪಡೆಯಬೇಕು. ಆ ಖರ್ಚಿನ ಜೊತೆಗೆ ಎರಡು ಸಲ ಓಡಾಡುವ ದಿನಗಳ ಕೂಲಿಯನ್ನೂ ಕಳೆದು ನೋಡಿ. ಬಹಳ ಸಲ ಇಲ್ಲಿಯ ಕೆಎ-23 ಗಾಡಿಯೇ ಅಗ್ಗವಾಗುತ್ತದೆ. ಸೇನೆಯಲ್ಲಿರುವವರು ಬೇರೆ ಬೇರೆ ರಾಜ್ಯಗಳಿಂದ ತಂದ ಗಾಡಿಗಳೂ ಬೆಳಗಾವಿಯಲ್ಲಿ ಮಾರಾಟಕ್ಕೆ ಬರುತ್ತವೆ. ಅವುಗಳಲ್ಲಿ ಸರ್ವಿಸ್ ದಾಖಲೆ ಅಚ್ಚುಕಟ್ಟಾಗಿರುವುದುಂಟು, ಆದರೆ ಎನ್‌ಒಸಿಯ ಲೆಕ್ಕ ಅದೇ.

ಆರ್‌ಸಿಯಲ್ಲಿ ‘ಬೆಳಗಾಂ’ ಅಥವಾ ‘ಬಿಜಾಪುರ’ ಎಂದಿದ್ದರೆ ಗಾಬರಿ ಬೇಡ. ಊರುಗಳ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು, ಅದಕ್ಕಿಂತ ಹಿಂದಿನ ಕಾಗದದಲ್ಲಿ ಹಳೆ ಹೆಸರೇ ಇರಬೇಕು. ಪುಸ್ತಕದ ರೂಪದ ಹಳೆ ಆರ್‌ಸಿಯ ಗಾಡಿ ಆ್ಯಪಿನಲ್ಲಿ ಕಾಣದಿದ್ದರೆ ಆರ್‌ಟಿಒದಲ್ಲಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆ ದಾಖಲೆ ಕಂಪ್ಯೂಟರಿಗೆ ಏರಿಸುವ ಕೆಲಸ ಆಗಬೇಕು. ಅದನ್ನು ಮಾರುವವರೇ ಮಾಡಿಸಿಕೊಡಲಿ. 2019ರ ಏಪ್ರಿಲ್ 1ಕ್ಕಿಂತ ಹಿಂದಿನ ಗಾಡಿಗೆ ಎಚ್‌ಎಸ್‌ಆರ್‌ಪಿ, ಅಂದರೆ ಹೆಚ್ಚಿನ ಭದ್ರತೆಯ ನಂಬರ್ ಫಲಕ ಹಾಕಿದ್ದಾರೆಯೇ ಎಂಬುದನ್ನೂ ಗಮನಿಸಿ.

ಪೇಟೆಯ ನಿಜ ರೇಟ್ ತಿಳಿಯುವುದು

ಜಾಹೀರಾತಿನಲ್ಲಿ ಕಾಣುವುದು ಕೇಳುವ ಬೆಲೆ. ನಿಮಗೆ ಬೇಕಾದದ್ದು ಕೈ ಬದಲಾದ ಬೆಲೆ. ಅದೇ ಮಾಡೆಲ್, ವರ್ಷದಲ್ಲಿ ಎರಡು ಹಿಂದೆ ಮುಂದೆ, ಕೆಎ-22, 23, 24, 28, 29, 48, 49 ಈ ನಂಬರಿನ ಎಂಟು ಹತ್ತು ಗಾಡಿಗಳ ಪಟ್ಟಿ ಮಾಡಿ. ಎರಡು ವಾರ ಬಿಟ್ಟು ಮತ್ತೆ ನೋಡಿ. ಅಷ್ಟರೊಳಗೆ ಮಾಯವಾದವುಗಳ ರೇಟ್ ಪೇಟೆಗೆ ಹತ್ತಿರವಾದದ್ದು. ತಿಂಗಳುಗಟ್ಟಲೆ ನಿಂತವುಗಳನ್ನು ಪಟ್ಟಿಯಿಂದ ಹೊಡೆದುಹಾಕಿ. ಉಳಿದವರಿಗೆ ಫೋನ್ ಮಾಡಿ ‘ಅಣ್ಣಾರ, ಕೊನೀ ರೇಟ ಏನು ಹೇಳ್ರಿ’ ಎಂದರೆ ಹೆಚ್ಚಿನವರು ಅಲ್ಲೇ ಹತ್ತರಲ್ಲಿ ಒಂದು ಪಾಲು ಇಳಿಯುತ್ತಾರೆ. ಸಿಕ್ಕ ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಬರೆದು ನಡುವಿನದನ್ನು ಹಿಡಿಯಿರಿ. ಸರಾಸರಿ ತೆಗೆದರೆ ಯಾರೋ ಒಬ್ಬ ಬಾಯಿಗೆ ಬಂದಂತೆ ಕೇಳಿದ ರೇಟ್ ಇಡೀ ಲೆಕ್ಕವನ್ನು ಮೇಲಕ್ಕೆ ಎಳೆಯುತ್ತದೆ.

ಸೆಕೆಂಡ್ ಹ್ಯಾಂಡ್ ಬೈಕಿನ ಅಂಗಡಿಯಲ್ಲಿ ಒಮ್ಮೆ ಕೊಳ್ಳುವವರಾಗಿ, ಇನ್ನೊಮ್ಮೆ ಮಾರುವವರಾಗಿ ವಿಚಾರಿಸಿ. ಎರಡೂ ಅಂಕಿಗಳ ನಡುವೆ ನೇರ ವ್ಯವಹಾರದ ಬೆಲೆ ಇರುತ್ತದೆ. ಇವರೆಲ್ಲರಿಗಿಂತ ನಂಬಬಹುದಾದವರು ನಿಮ್ಮೂರಿನ ಬೈಕ್ ಮಿಸ್ತ್ರಿ. ಕೊಂಡವರೂ ಮಾರಿದವರೂ ಅವರ ಮುಂದೆಯೇ ನಿಂತು ವ್ಯವಹಾರ ಮುಗಿಸಿರುತ್ತಾರೆ. ಅವರೇ ನಡುವೆ ದಲ್ಲಾಳಿ ಆಗಿದ್ದರೆ ಮಾತ್ರ ಅವರ ಅಂಕಿಯನ್ನು ಹಾಗೇ ನುಂಗಬೇಡಿ.

ಇಂಜಿನ್ ತಣ್ಣಗಿರುವಾಗ

‘ನೀವು ಬರೋದ್ರಾಗ ಚಾಲೂ ಮಾಡಿ ಇಡ್ತೀನ್ರಿ’ ಎಂದರೆ ಬೇಡ ಎನ್ನಿ. ಹೋದ ಕೂಡಲೇ ಸಿಲಿಂಡರ್ ಬ್ಲಾಕಿನ ಹತ್ತಿರ ಅಂಗೈ ಹಿಡಿದು ನೋಡಿ. ಬಿಸಿ ಇದ್ದರೆ ಒಂದು ಗಂಟೆ ಬಿಟ್ಟು ಬನ್ನಿ. ತಣ್ಣಗಿನ ಇಂಜಿನ್ ಮುಚ್ಚಿಡದ ದೋಷವನ್ನು ಬಿಸಿ ಇಂಜಿನ್ ಮುಚ್ಚಿಡುತ್ತದೆ.

ಮೊದಲು ಚಾವಿ ಹಾಕದೆ ಕಿಕ್ ಅನ್ನು ಕೈಯಿಂದ ನಿಧಾನವಾಗಿ ಒತ್ತಿ. ಒಂದು ಕಡೆ ಬಂದು ಗಟ್ಟಿಯಾಗಿ ತಡೆದು ನಿಲ್ಲಬೇಕು. ಸಲೀಸಾಗಿ ಕೆಳಗಿಳಿದರೆ ಕಂಪ್ರೆಷನ್ ಇಲ್ಲ, ಅಂದರೆ ರಿಂಗೋ ವಾಲ್ವೋ ಹೋಗಿದೆ. ಆಮೇಲೆ ಚೋಕ್ ಹಾಕಿ ಚಾಲೂ ಮಾಡಿ. ಆರೋಗ್ಯವಾಗಿರುವ 100 ಸಿಸಿ ಗಾಡಿ ಚಳಿಗಾಲದ ಬೆಳಿಗ್ಗೆಯೂ ಮೂರು ನಾಲ್ಕು ಕಿಕ್ಕಿನೊಳಗೆ ಹತ್ತಬೇಕು.

ನಾಲ್ಕು ಸ್ಟ್ರೋಕ್ ಗಾಡಿಯಲ್ಲಿ ಹೊಗೆಯ ಬಣ್ಣ ನೋಡಿ. ಚಾಲೂ ಆದ ಕ್ಷಣ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಹೋಗಿದೆ, ಅದು ಸಣ್ಣ ಖರ್ಚು. ಎಕ್ಸಲೇಟರ್ ಕೊಟ್ಟಾಗಲೆಲ್ಲ ನೀಲಿ ಹೊಗೆ ಬಂದರೆ ರಿಂಗ್ ಮತ್ತು ಬೋರ್, ಅಂದರೆ ಸಿಲಿಂಡರಿನ ಒಳಗೋಡೆ ಸವೆದಿವೆ. ಆಗ ಬೋರ್ ಕಿಟ್ ಹಾಕಬೇಕು ಅಥವಾ ಸಿಲಿಂಡರ್ ಕೊರೆದು ಅಗಲಿಸುವ ರೀಬೋರ್ ಮಾಡಿಸಬೇಕು, ಇದು ‘ಹಾಫ್ ಇಂಜಿನ್’ ಕೆಲಸ. ಹೆಡ್ಡಿನಿಂದ ಸಣ್ಣಗೆ ಟಿಕ್ ಟಿಕ್ ಬಂದರೆ ಟ್ಯಾಪೆಟ್ ಹೊಂದಿಸಿದರೆ ಸಾಕು. ಸ್ಪ್ಲೆಂಡರ್‌ನ ಎಡಬದಿಯಿಂದ ಸರಪಳಿ ಅಲುಗಾಡಿದಂತೆ ಸಪ್ಪಳ ಬಂದರೆ ಕ್ಯಾಮ್ ಚೈನು. ಇಂಜಿನ್ನಿನ ತಳದಿಂದ, ವೇಗ ಏರಿದಂತೆ ಏರುವ ಗುಂಯ್‌ಗುಡುವಿಕೆ ಕ್ರ್ಯಾಂಕಿನ ಬೇರಿಂಗಿನದು. ಇದಾದರೆ ಇಂಜಿನ್ ಪೂರ್ತಿ ಬಿಚ್ಚಬೇಕು, ‘ಫುಲ್ ಇಂಜಿನ್’. ದಿನದ ಕೆಲಸದ ಗಾಡಿಗೆ ಫುಲ್ ಇಂಜಿನ್ ಕೆಲಸ ಬಿದ್ದರೆ ಬೆಲೆಯ ಮೂರರಲ್ಲೊಂದು ಪಾಲು ಅಲ್ಲೇ ಕರಗುತ್ತದೆ.

ಆರ್‌ಎಕ್ಸ್‌ನಂಥ ಎರಡು ಸ್ಟ್ರೋಕ್ ಗಾಡಿ ಸ್ವಲ್ಪ ಬಿಳಿ ಹೊಗೆ ಬಿಡುವುದು ಸಹಜ, ಅದಕ್ಕೆ ರೇಟ್ ಇಳಿಸಲು ಹೋಗಬೇಡಿ. ಅಲ್ಲಿ ಕೇಳಬೇಕಾದದ್ದು ಕ್ರ್ಯಾಂಕ್ ಸೀಲಿನ ಸ್ಥಿತಿ. ಬಲಬದಿಯ ಸೀಲ್ ಹೋದರೆ ಇಂಜಿನ್ ಗೇರ್ ಆಯಿಲ್ ಕುಡಿಯುತ್ತದೆ: ಹೊಗೆ ಮಿತಿಮೀರುತ್ತದೆ, ಗೇರ್ ಬಾಕ್ಸಿನ ಆಯಿಲ್ ತಿಂಗಳು ತಿಂಗಳು ಇಳಿಯುತ್ತದೆ. ಎಡಬದಿ, ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಅಲ್ಲಿಂದ ಗಾಳಿ ಎಳೆದುಕೊಂಡು, ಎಕ್ಸಲೇಟರ್ ಬಿಟ್ಟರೂ ಆರ್‌ಪಿಎಂ ಕೆಳಗಿಳಿಯದೆ ಮೇಲೆಯೇ ನಿಲ್ಲುತ್ತದೆ. ಹೀಗೇ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಬ್ಲಾಕ್ ಬಿಚ್ಚಿದ ಗಾಡಿಯಾದರೆ ಎಷ್ಟನೇ ರೀಬೋರ್ ಎಂದು ಕೇಳಿ. ಓವರ್‌ಸೈಜ್ ಪಿಸ್ಟನ್‌ಗಳು ಸಾಮಾನ್ಯವಾಗಿ 0.25, 0.50, 0.75, 1.00 ಮಿಮೀ ಎಂದು ಬರುತ್ತವೆ, ಅಂಕಿ ಪಿಸ್ಟನ್ನಿನ ತಲೆಯ ಮೇಲೆ ಒತ್ತಿರುತ್ತದೆ. ಆರ್‌ಎಕ್ಸ್ 100ರ ಮೂಲ ಬೋರ್ 50 ಮಿಮೀ. ಸ್ಟ್ಯಾಂಡರ್ಡ್ ಪಿಸ್ಟನ್ನಿನ ಬ್ಲಾಕ್ ಮತ್ತು 1.00 ತಲುಪಿದ ಬ್ಲಾಕ್ ಒಂದೇ ಬೆಲೆಯವಲ್ಲ, ಎರಡನೆಯದಕ್ಕೆ ಮುಂದಿನ ಸಲ ಒಳಗೆ ಹೊಸ ಕೊಳವೆ, ಅಂದರೆ ಸ್ಲೀವ್ ಹಾಕಿಸಬೇಕು. ಬೆಳಗಾವಿಯ ಉದ್ಯಮಬಾಗ್ ಕಡೆ ಲೇಥು, ಬೋರಿಂಗ್ ಕೆಲಸಕ್ಕೆ ಕೊರತೆಯಿಲ್ಲ. ಹಾಗಾಗಿ ಒಳ್ಳೆ ಕೆಲಸ ಮಾಡಿಸಿದ ಬಿಲ್ ತೋರಿಸಿದರೆ ಅದಕ್ಕೆ ಬೆಲೆ ಕೊಡಿ.

ಓಡಿಸಿ ನೋಡುವಾಗ ಟಾಪ್ ಗೇರಿನಲ್ಲಿ ಗಂಟೆಗೆ 30 ಕಿಮೀ ವೇಗದಲ್ಲಿದ್ದು ಒಮ್ಮೆಲೇ ಪೂರ್ತಿ ಎಕ್ಸಲೇಟರ್ ಕೊಡಿ. ಇಂಜಿನ್ ಸಪ್ಪಳ ಏರಿ ಗಾಡಿ ಏರದಿದ್ದರೆ ಕ್ಲಚ್ ಪ್ಲೇಟ್ ಹೋಗಿವೆ. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಗಾಲಿ ಎತ್ತಿಸಿ ಹ್ಯಾಂಡಲನ್ನು ನಿಧಾನ ತಿರುಗಿಸಿ. ನಡುವೆ ಹಳ್ಳದಲ್ಲಿ ಕೂತಂತೆ ನಿಂತರೆ ಹ್ಯಾಂಡಲ್ ತಿರುಗುವ ಬೇರಿಂಗು, ಅಂದರೆ ಕೋನ್ ಸೆಟ್ ಸವೆದಿದೆ. ಹಿಂದಿನ ಗಾಲಿಯನ್ನು ಎಡಬಲ ಅಲುಗಾಡಿಸಿದಾಗ ಕಟಕಟ ಎಂದರೆ ಸ್ವಿಂಗ್ ಆರ್ಮಿನ ಬುಶ್.

ಒರಿಜಿನಲ್ ಎಂದರೆ ಎಷ್ಟು ಒರಿಜಿನಲ್?

‘ಶೇ. 100 ಒರಿಜಿನಲ್’ ಎಂದು ಬರೆಯದ ಜಾಹೀರಾತೇ ಇಲ್ಲ. ಇದನ್ನು ಭಾಗ ಭಾಗವಾಗಿ ನೋಡಬೇಕು. ಪ್ರತಿ ಭಾಗವನ್ನೂ ಮೂರು ದರ್ಜೆಯಲ್ಲಿ ಬರೆದುಕೊಳ್ಳಿ: ಹುಟ್ಟಿನಿಂದ ಇರುವುದು, ಕಂಪನಿಯದೇ ಹೊಸದು ಹಾಕಿದ್ದು, ಪೇಟೆಯ ಲೋಕಲ್ ಮಾಲು. ಸವೆಯಲೆಂದೇ ಇರುವ ಟೈರು, ಚೈನ್ ಸೆಟ್, ಕೇಬಲ್, ಬ್ರೇಕ್ ಶೂ ಈ ಪಟ್ಟಿಗೆ ಸೇರುವುದಿಲ್ಲ, ಅಳತೆ ಮಾತ್ರ ಕಂಪನಿಯದಾಗಿರಬೇಕು. ಲೆಗ್ ಗಾರ್ಡ್, ಸಾರಿ ಗಾರ್ಡ್‌ಗಳನ್ನು ಮಾಡಿಫಿಕೇಷನ್ ಎಂದು ಎಣಿಸುವವರಿದ್ದಾರೆ, ಅದು ತಪ್ಪು. ಹಿಂದಿನ ಗಾಲಿಗೆ ಹೊದಿಕೆ ಇರಬೇಕೆಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ.

ಮೊದಲ ಕೆಲಸ ನಂಬರ್. ಚಾಸಿ ನಂಬರ್ ಹೆಚ್ಚಿನ ಗಾಡಿಗಳಲ್ಲಿ ಹ್ಯಾಂಡಲ್ ಕೂರುವ ಕೊಳವೆಯ ಬದಿಗೆ, ಇಂಜಿನ್ ನಂಬರ್ ಕ್ರ್ಯಾಂಕ್ ಕೇಸಿನ ಮೇಲೆ ಇರುತ್ತದೆ. ಚಿಂದಿಗೆ ಸ್ವಲ್ಪ ಸೀಮೆಎಣ್ಣೆ ಹಚ್ಚಿ ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಆಡಿಸಿ ಛಾಪು ತೆಗೆಯಿರಿ. ಅಕ್ಷರಗಳ ಎತ್ತರ ಮತ್ತು ಅಂತರ ಒಂದೇ ಸಮ ಇರಬೇಕು. ಒಂದು ಅಂಕಿ ಮಾತ್ರ ಆಳವಾಗಿ ಇಳಿದಿದ್ದರೆ, ಅಥವಾ ಸುತ್ತಲಿನ ಲೋಹ ಅರ ಹಾಕಿದಂತೆ ನುಣುಪಾಗಿದ್ದರೆ ಬೆಲೆಯ ಮಾತೇ ಬೇಡ, ಅಲ್ಲಿಂದ ಎದ್ದು ಬನ್ನಿ. ಆರ್‌ಎಕ್ಸ್ 100ರ ನಂಬರ್ ‘1ಎಲ್1’ ಎಂದು ಶುರುವಾಗುತ್ತದೆ. ಬೇರೆ ಅಕ್ಷರ ಕಂಡರೆ ಆರ್‌ಎಕ್ಸ್ 135ರ ಅಥವಾ ಬೇರೆ ಗಾಡಿಯ ಇಂಜಿನ್ ಕೂರಿಸಿದ್ದಾರೆ. ಆರ್‌ಸಿಯಲ್ಲಿರುವ ಇಂಜಿನ್ ನಂಬರಿಗೆ ಹೊಂದದ ಗಾಡಿ ವರ್ಗಾವಣೆಯಾಗುವುದಿಲ್ಲ. ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ.

ಇಂಜಿನ್ ಎಷ್ಟು ಸಲ ಬಿಚ್ಚಿದೆ ಎಂಬುದನ್ನು ಮಾಲೀಕರಿಗಿಂತ ಸ್ಕ್ರೂಗಳು ಚೆನ್ನಾಗಿ ಹೇಳುತ್ತವೆ. ಆರ್‌ಎಕ್ಸ್‌ನ ಕವರ್‌ಗಳಿಗೆ ಪ್ಲಸ್ ತಲೆಯ ಸ್ಕ್ರೂಗಳಿದ್ದವು. ಅವುಗಳ ತಲೆಯ ಸೀಳು ಚೂಪಾಗಿ ಉಳಿದಿದ್ದರೆ ಕೈ ಹಾಕಿದ್ದು ಕಡಿಮೆ. ಅಂಚು ಕಿತ್ತು ದುಂಡಗಾಗಿದ್ದರೆ, ಚಾಣದಿಂದ ಹೊಡೆದ ಗುರುತಿದ್ದರೆ, ಅಥವಾ ಎಲ್ಲ ತೆಗೆದು ಅಲೆನ್ ಬೋಲ್ಟ್ ಹಾಕಿದ್ದರೆ ಒಳಗೆ ಹಲವು ಕೈಗಳು ಓಡಾಡಿವೆ. ಇಂಜಿನ್ ಕವಚದ ಎರಡು ಹೋಳುಗಳು ಕೂಡುವ ಸಂದಿಯಲ್ಲಿ ಕೆಂಪೋ ಬೂದಿಯೋ ಬಣ್ಣದ ಸೀಲೆಂಟ್ ಉಕ್ಕಿ ಹೊರಬಂದಿದ್ದರೂ ಅದೇ ಅರ್ಥ. ಕಂಪನಿಯಲ್ಲಿ ಕೂಡಿಸಿದ ಸಂದಿ ಕಣ್ಣಿಗೆ ಕಾಣದಷ್ಟು ಶುಚಿಯಾಗಿರುತ್ತದೆ.

ಆರ್‌ಎಕ್ಸ್‌ನಲ್ಲಿ ಮುಂದೆ ನೋಡಬೇಕಾದದ್ದು ಇಂಜಿನ್ನಿಗೆ ತಾನೇ ಆಯಿಲ್ ಬಿಡುವ ಆಟೋಲ್ಯೂಬ್ ಪಂಪು. ಬಹಳ ಮಿಸ್ತ್ರಿಗಳು ಅದನ್ನು ಬಂದ್ ಮಾಡಿ ಪೆಟ್ರೋಲಿಗೇ ಆಯಿಲ್ ಬೆರೆಸಲು ಹೇಳಿದ್ದಾರೆ. ಆಯಿಲ್ ಟ್ಯಾಂಕು, ಪೈಪು, ಪಂಪು ಮೂರೂ ಜಾಗದಲ್ಲಿದ್ದು ಕೆಲಸ ಮಾಡುತ್ತಿದ್ದರೆ ಬೆಲೆ ಏರಿಸಬಹುದು. ಗೇರ್ ನಾಲ್ಕೇ ಇರಬೇಕು, ಐದು ಬಿದ್ದರೆ ಗೇರ್ ಬಾಕ್ಸ್ ಬದಲಾಗಿದೆ. ಮುಂದೆ ಡಿಸ್ಕ್ ಬ್ರೇಕ್, ಅಲಾಯ್ ಗಾಲಿ, ಅಗಲ ಟೈರ್ ಕಂಡರೆ ಹಳೆ ಭಾಗಗಳು ಎಲ್ಲಿ ಎಂದು ಕೇಳಿ. ‘ಮನ್ಯಾಗ ಅದಾವ್ರಿ’ ಎಂದರೆ ಅಲ್ಲೇ ತರಿಸಿ ನೋಡಿ. ತೆಗೆದ ಭಾಗಗಳು ಗಾಡಿಯ ಜೊತೆ ಬಂದರೆ ಹೆಚ್ಚೇನೂ ಕಳೆಯಬೇಕಿಲ್ಲ. ಒರಿಜಿನಲ್ ಸೈಲೆನ್ಸರ್, ಮೀಟರ್ ಸೆಟ್, ಸೈಡ್ ಪ್ಯಾನಲ್, ಕ್ರೋಮ್ ಮಡ್‌ಗಾರ್ಡ್ ಇಲ್ಲದಿದ್ದರೆ ಒಂದೊಂದನ್ನೂ ಹುಡುಕಿ ತರುವ ಬೆಲೆ ಕಳೆಯಿರಿ. ಹುಡುಕುವುದಕ್ಕೇ ತಿಂಗಳುಗಳು ಹಿಡಿಯುತ್ತವೆ.

ಬಣ್ಣದ ಬಗ್ಗೆ ಒಂದು ಮಾತು. ಶೋಕಿಯ ಪೇಟೆಯಲ್ಲಿ ಗೀರು ಬಿದ್ದ ಮೂಲ ಬಣ್ಣಕ್ಕೆ ಹೊಳೆಯುವ ಹೊಸ ಬಣ್ಣಕ್ಕಿಂತ ಹೆಚ್ಚು ಬೆಲೆ. ಮಾರುವ ಮೊದಲು ಬಣ್ಣ ಹೊಡೆಸಿ, ಹೊಸ ಸ್ಟಿಕರ್ ಅಂಟಿಸುವುದು ರೊಕ್ಕ ಕೊಟ್ಟು ಬೆಲೆ ಇಳಿಸಿಕೊಂಡಂತೆ. ಟ್ಯಾಂಕಿಗೆ ಸಣ್ಣ ಅಯಸ್ಕಾಂತ ಹಿಡಿದು ಆಡಿಸಿ. ಎಲ್ಲಾದರೂ ಹಿಡಿತ ಸಡಿಲವಾದರೆ ಅಲ್ಲಿ ಪುಟ್ಟಿ ತುಂಬಿ ಡೆಂಟ್ ಮುಚ್ಚಿದ್ದಾರೆ. ಸೀಟು ಎತ್ತಿ, ಚೌಕಟ್ಟಿನ ಒಳಮೂಲೆಯ ಬಣ್ಣವನ್ನು ಹೊರಗಿನದಕ್ಕೆ ಹೋಲಿಸಿ. ಆರ್‌ಸಿಯಲ್ಲಿ ಕಪ್ಪು ಎಂದಿದ್ದು ಗಾಡಿ ಕೆಂಪಗಿದ್ದರೆ ಅದು ಕಾಗದದ ತೊಡಕೂ ಹೌದು.

ಮೀಟರಿನ ಕಿಲೋಮೀಟರನ್ನು ಬೆಲೆಗೆ ಆಧಾರ ಮಾಡಿಕೊಳ್ಳಬೇಡಿ. ಹಳೆ ಮೀಟರ್‌ಗಳಲ್ಲಿ ಐದೇ ಅಂಕಿ, 99,999 ಆದ ಮೇಲೆ ಮತ್ತೆ ಸೊನ್ನೆ. ಕೇಬಲ್ ತುಂಡಾಗಿ ವರ್ಷಗಟ್ಟಲೆ ನಿಂತದ್ದೂ ಇರುತ್ತದೆ. ಫುಟ್‌ರೆಸ್ಟ್ ರಬ್ಬರ್, ಬ್ರೇಕ್ ಪೆಡಲಿನ ಅಂಚು, ಚಾವಿಯ ಸವೆತ ಹೆಚ್ಚು ನಿಜ ಹೇಳುತ್ತವೆ.

ಚೌಕಟ್ಟು ನೇರ ಇದೆಯೇ ಎಂದು ತಿಳಿಯಲು ನೂಲು ಸಾಕು. ಸ್ಪ್ಲೆಂಡರ್‌ನ ಎರಡೂ ಟೈರುಗಳ ಅಳತೆ 2.75–18. ಹಿಂದಿನ ಗಾಲಿಯಿಂದ ಮುಂದಿನವರೆಗೆ ನೆಲದಿಂದ ಒಂದೇ ಎತ್ತರದಲ್ಲಿ ನೂಲು ಬಿಗಿಹಿಡಿದರೆ ನಾಲ್ಕೂ ಕಡೆ ತಾಗಬೇಕು. ಮುಂದಿನ ಟೈರ್ ಸಣ್ಣದಿರುವ ಗಾಡಿಯಲ್ಲಿ ಎಡಬಲ ಎರಡೂ ಕಡೆ ಬಿಡುವ ಸಂದು ಸಮ ಇರಬೇಕು. ಹಾಗಿಲ್ಲದಿದ್ದರೆ ಎಲ್ಲೋ ಜೋರಾಗಿ ಬಡಿದಿದೆ. ಹ್ಯಾಂಡಲಿನ ಕೊಳವೆಯ ಕೆಳಗೆ ವೆಲ್ಡಿಂಗ್ ಗುರುತು ಹುಡುಕಿ.

ಮಣ್ಣು, ಮಳೆ, ಹಂಗಾಮು

ಖಾನಾಪುರ, ಬೆಳಗಾವಿ ಕಡೆಯ ಗಾಡಿಗೆ ಮಳೆಯ ತುಕ್ಕು: ಸೈಲೆನ್ಸರಿನ ತಳ, ಸೆಂಟರ್ ಸ್ಟ್ಯಾಂಡಿನ ಬುಡ, ಬ್ಯಾಟರಿ ಪೆಟ್ಟಿಗೆ, ಚೈನ್ ಕವರಿನ ಒಳಬದಿ ನೋಡಿ. ವಿಜಯಪುರದ ಗಾಡಿಯಲ್ಲಿ ತುಕ್ಕು ಕಡಿಮೆ, ಬಿಸಿಲಿಗೆ ಒಡೆದ ರಬ್ಬರು, ಮಾಸಿದ ಪ್ಲಾಸ್ಟಿಕ್ಕು, ದೂಳು ತುಂಬಿದ ಏರ್ ಫಿಲ್ಟರ್ ಹೆಚ್ಚು. ಫಿಲ್ಟರ್ ಬದಲಿಸದೆ ಓಡಿಸಿದ ಗಾಡಿಯ ಬೋರ್ ಬೇಗ ಸವೆಯುತ್ತದೆ. ಹಳೆ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ತುಕ್ಕು ನೋಡುವುದು ಈಗ ಇನ್ನೂ ಮುಖ್ಯ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ನೀರನ್ನು ಹೀರುತ್ತದೆ, ಹಳೆ ಪೈಪು ಮತ್ತು ಕಾರ್ಬುರೇಟರಿನ ರಬ್ಬರನ್ನು ಕೆಡಿಸುತ್ತದೆ.

ಹೊಲಕ್ಕೆ ಓಡಿದ ಗಾಡಿ ಗುರುತಿಸುವುದು ಸುಲಭ. ಎರಿ ಮಣ್ಣು ಮಡ್‌ಗಾರ್ಡಿನ ಒಳಗೆ ಒಣಗಿ ಕಲ್ಲಾಗಿರುತ್ತದೆ. ಹಾಲಿನ ಕ್ಯಾನ್, ಮೇವಿನ ಹೊರೆ ಹೊತ್ತದ್ದಕ್ಕೆ ಹಿಂದಿನ ಶಾಕ್ ಅಬ್ಸಾರ್ಬರ್ ಕುಸಿದಿರುತ್ತವೆ, ಕ್ಯಾರಿಯರ್ ಒಂದು ಬದಿಗೆ ಬಾಗಿರುತ್ತದೆ, ಹಿಂದಿನ ರಿಮ್ ಓಲಾಡುತ್ತದೆ. ಇಂಜಿನ್ ಚೆನ್ನಾಗಿದ್ದರೆ ಇದು ಗಾಡಿಯನ್ನು ಬಿಡಲು ಕಾರಣವಲ್ಲ, ಖರ್ಚು ಕಳೆದರಾಯಿತು.

ಮುಧೋಳ, ಜಮಖಂಡಿ, ಗೋಕಾಕ ಭಾಗದಲ್ಲಿ ಕಬ್ಬಿನ ಬಿಲ್ಲು ಬಂದಾಗ ದಿನದ ಕೆಲಸದ ಗಾಡಿಗೆ ಗಿರಾಕಿ ಹೆಚ್ಚು. ಮುಂಗಾರು ಬಿತ್ತನೆಯ ಹೊತ್ತಿಗೆ ಬೀಜ, ಗೊಬ್ಬರಕ್ಕೆ ರೊಕ್ಕ ಹೋಗಿ ಕೈ ಬಿಗಿಯಾಗಿರುತ್ತದೆ, ಕೊಳ್ಳುವವರಿಗೆ ಅದು ಒಳ್ಳೆ ಹೊತ್ತು. ದಸರಾ, ದೀಪಾವಳಿಗೆ ಹೊಸ ಗಾಡಿ ಕೊಳ್ಳುವವರು ಹಳೆಯದನ್ನು ಎಕ್ಸ್‌ಚೇಂಜ್‌ಗೆ ಬಿಡುವುದರಿಂದ ಅಂಗಡಿಗಳಲ್ಲಿ ಮಾಲು ತುಂಬಿ ರೇಟ್ ಸಡಿಲವಾಗುತ್ತದೆ. ಶೋಕಿಯ ಗಾಡಿಗೆ ಇದ್ಯಾವುದೂ ಹತ್ತುವುದಿಲ್ಲ.

ಲೆಕ್ಕ ಹಾಕುವುದು

2011ರ ಸ್ಪ್ಲೆಂಡರ್ ಪ್ಲಸ್, ಕೆಎ-29, ಎರಡನೇ ಓನರ್, ನವೀಕರಣದ ಹೊತ್ತು ಬಂದಿದೆ ಎಂದಿಟ್ಟುಕೊಳ್ಳಿ. ಕೆಳಗಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಮಾತ್ರ, ನಿಮ್ಮೂರಿನ ರೇಟ್ ಕೇಳಿ ತುಂಬಿಕೊಳ್ಳಿ.

ಅಂಥ ಗಾಡಿಗಳು ಕೈ ಬದಲಾದ ನಡುವಿನ ರೇಟ್: 26,000
ಚೈನ್ ಸೆಟ್: 1,200 ಕಳೆಯಿರಿ
ಹಿಂದಿನ ಟೈರ್: 1,800
ಕೋನ್ ಸೆಟ್, ಕೂಲಿ ಸೇರಿ: 700
ನವೀಕರಣ 1,000, ಇತರ ಓಡಾಟ 800: 1,800
ಥರ್ಡ್ ಪಾರ್ಟಿ ವಿಮೆ (75ರಿಂದ 150 ಸಿಸಿಗೆ 714, ಮೇಲೆ ಜಿಎಸ್‌ಟಿ): 850
ಉಳಿದದ್ದು: 19,650
ಬಿಚ್ಚದ ಇಂಜಿನ್, ಸರ್ವಿಸ್ ಬಿಲ್ಲುಗಳು, ಮೂಲ ಬಣ್ಣಕ್ಕೆ: 1,500 ಕೂಡಿಸಿ
ಗಾಡಿಯ ಬೆಲೆ: 21,150

ಇಲ್ಲಿ ಎಡವುವುದು ಒಂದೇ ದೋಷವನ್ನು ಎರಡು ಸಲ ಕಳೆಯುವಲ್ಲಿ. ಹೋಲಿಕೆಗೆ ಹಿಡಿದ ಗಾಡಿಗಳ ಟೈರೂ ಅರ್ಧ ಸವೆದಿದ್ದರೆ ಆ 26,000ದಲ್ಲೇ ಅದರ ಲೆಕ್ಕ ಬಂದಿದೆ. ಆ ಗಾಡಿಗಳಿಗಿಂತ ನಿಮ್ಮದು ಎಷ್ಟು ಕೆಟ್ಟದಿದೆಯೋ ಅಷ್ಟನ್ನೇ ಕಳೆಯಿರಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಎಳೆ ಉಳಿದಿದ್ದರೂ ಏಳೆಂಟು ವರ್ಷದ ಟೈರನ್ನು ಸವೆದದ್ದೆಂದೇ ಹಿಡಿಯಿರಿ.

ಮಾರುವವರು 23,000 ಕೇಳಿ 21,000ಕ್ಕೆ ಬರಬಹುದು, 20,000ದ ಕೆಳಗೆ ಕೊಡಬಾರದು. ಕೊಳ್ಳುವವರು ಈ ಪಟ್ಟಿಯನ್ನು ಚೀಟಿಯ ಮೇಲೆ ಬರೆದು ಎದುರಿಗಿಟ್ಟರೆ ಚೌಕಾಶಿ ಬೇಗ ಮುಗಿಯುತ್ತದೆ. ‘ಕಾಕಾ, ಟೈರ್ ನೋಡ್ರಿ, 2016ರದು ಐತಿ’ ಎಂದು ತೋರಿಸಿ ಕೇಳುವುದಕ್ಕೂ ‘ಗಾಡಿ ಸರಿ ಇಲ್ಲ’ ಎನ್ನುವುದಕ್ಕೂ ಅಂತರವಿದೆ, ಎರಡನೆಯದಕ್ಕೆ ಹಿರಿಯರು ಮುನಿಸಿಕೊಳ್ಳುತ್ತಾರೆ.

ಶೋಕಿಯ ಗಾಡಿಗೆ ಲೆಕ್ಕ ತಿರುವುಮುರುವು. ಪೂರ್ತಿ ಒರಿಜಿನಲ್ ಗಾಡಿ ಕೈ ಬದಲಾದ ಬೆಲೆಯನ್ನು ಮೇಲಿಟ್ಟುಕೊಂಡು, ಇಲ್ಲದ ಒಂದೊಂದು ಭಾಗಕ್ಕೂ ಅದರ ಬೆಲೆ ಕಳೆಯುತ್ತ ಬನ್ನಿ. ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಗೆ 2021ರ ನಿಯಮದಡಿ ‘ವಿಂಟೇಜ್’ ನೋಂದಣಿಯೂ ಸಾಧ್ಯ. ಶುಲ್ಕ 20,000 ರೂಪಾಯಿ, ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಎಪ್ಪತ್ತರ ದಶಕದ ಮೊದಲರ್ಧದ ಜಾವಾ, ಯೆಜ್ದಿ, ರಾಜದೂತ್ ಮನೆಯಲ್ಲಿದ್ದವರು ಇದನ್ನು ತೂಗಿ ನೋಡಿದ ಮೇಲೆ ಮಾರುವ ಯೋಚನೆ ಮಾಡಲಿ.

ವ್ಯವಹಾರ ಮುಗಿದ ದಿನ ಡೆಲಿವರಿ ಚೀಟಿಯಲ್ಲಿ ದಿನಾಂಕದ ಜೊತೆ ಗಂಟೆ, ನಿಮಿಷವನ್ನೂ ಬರೆಯಿರಿ, ಇಬ್ಬರ ಆಧಾರ್ ಪ್ರತಿ ಜೊತೆಗಿರಲಿ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರಿಗೆ 30 ದಿನ. ಗಾಡಿ ಮಾರಿದರೂ ಆರ್‌ಸಿಯಲ್ಲಿ ಹೆಸರು ಉಳಿದಿರುವ ಮಾಲೀಕರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ಮಾರುವವರು ಐನೂರು, ಸಾವಿರ ಕಡಿಮೆಗೆ ಒಪ್ಪಿಯಾದರೂ ವರ್ಗಾವಣೆಯ ಅರ್ಜಿ ಸಲ್ಲಿಕೆಯಾದ ರಸೀದಿ ಕೈಗೆ ಬಂದ ಮೇಲೆ ಎರಡನೇ ಚಾವಿ ಕೊಡಲಿ.